ತಂಪು ಹೊರಗೆ ಹೋಗುತ್ತೆ!

"ಈ ಸಲ ಬೇಸಿಗೆ ರಜೆಯಲ್ಲಿ ನಮ್ಮನೆಯವರ ಹಣೆ ಮೇಲೆ ಒಂದೇ ಒಂದು ಬೆವರ ಹನಿ ಕಂಡ್ರೂ ನನ್ನ ಹೆಸರು ಬದಲಾಯಿಸ್ಕೋತೀನಿ!"

ಊಟದ ಮೇಜಿನ ತುದಿಯಲ್ಲಿ ಎದ್ದು ನಿಂತು, ಕೈಯಲ್ಲಿದ್ದ ಚಮಚವನ್ನು ಖಡ್ಗದಂತೆ ಮೇಲೆತ್ತಿ ಬಾಗಿಲಪ್ಪನವರು ಹೀಗೆ ಘೋಷಿಸಿದಾಗ ಯಾರೂ ಬೆಚ್ಚಿಬೀಳಲಿಲ್ಲ. ಏಕೆಂದರೆ ಅವರ ಹೆಸರು ಆಗಲೇ ಬದಲಾಗಿ ಹೋಗಿತ್ತು. ಹೆತ್ತವರು ಇಟ್ಟ ಚೆಂದದ ಹೆಸರೊಂದಿತ್ತು. ಆದರೆ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕರಾದ ಮೇಲೆ ಅಲ್ಲಿ ಮೂಟೆ ಹೊರುವವರೆಲ್ಲ ಸೇರಿ 'ಬಾಗಿಲಪ್ಪ' ಎಂದು ಮರುನಾಮಕರಣ ಮಾಡಿಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಒಂದೇ ಮಂತ್ರ: "ಬಾಗಿಲು ಹಾಕ್ರಯ್ಯಾ, ತಂಪು ಹೊರಗೆ ಹೋಗುತ್ತೆ!"

ಅಲ್ಲಿ ಇನ್ನೊಂದು ನಿಯಮವೂ ಇತ್ತು. ಯಾವುದೇ ಕೋಣೆಗೆ ಬೀಗ ಹಾಕುವ ಮೊದಲು ಬಾಗಿಲು ತಟ್ಟಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೇಳಬೇಕು. ಯಾರೂ ಆಲೂಗೆಡ್ಡೆ ಮೂಟೆಗಳ ಹಿಂದೆ ಸಿಕ್ಕಿಕೊಂಡು ಮರಗಟ್ಟಬಾರದಲ್ಲ! ನಿಯಮವೇನೋ ಒಳ್ಳೆಯದೇ. ಆದರೆ ಬಾಗಿಲಪ್ಪನವರು ಅದನ್ನು ಮನೆಗೂ ಹೊತ್ತು ತಂದಿದ್ದರು. ಫ್ರಿಜ್ ಮುಚ್ಚುವಾಗಲೂ ಅವರ ಬೆರಳು ತಾನಾಗಿಯೇ ಟಕ್ ಟಕ್ ಎನ್ನುತ್ತಿತ್ತು.

"ಒಳಗೆ ಸೌತೆಕಾಯಿ ಇದೆ ರೀ, ಅದು ಉತ್ತರ ಕೊಡಲ್ಲ. ಸುಮ್ನೆ ಮುಚ್ಚಿ" ಎನ್ನುತ್ತಿದ್ದರು ಹೆಂಡತಿ. ಆಕೆ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಗಂಡನನ್ನೂ ಗಿರಾಕಿಗಳನ್ನೂ ಒಂದೇ ತಾಳ್ಮೆಯಿಂದ ಸುಧಾರಿಸುವ ಹೆಂಗಸು.

ಈ ಘೋರ ಪ್ರತಿಜ್ಞೆಗೆ ಕಾರಣ ಬಿಸಿಲಲ್ಲ, ಷಡ್ಡಕ! ಹೆಂಡತಿಯ ತಂಗಿಯ ಗಂಡ ಏಸಿ ಮಾರುವ ಮಳಿಗೆ ಇಟ್ಟಿದ್ದ. ಪ್ರತಿ ಬೇಸಿಗೆಯಲ್ಲೂ ಇವರೆಲ್ಲ ಅವನ ಮನೆಗೆ ಹೋಗುವುದು ರೂಢಿ. ಹೋದವರಿಗೆಲ್ಲ ಅವನು ತಂಪಿನ ಜೊತೆ ಉಪದೇಶವನ್ನೂ ಧಾರಾಳವಾಗಿ ಬಿಡುತ್ತಿದ್ದ. ಕಳೆದ ವರ್ಷವಂತೂ ಅತ್ತೆಯವರ ಎದುರಿಗೇ ನಗುನಗುತ್ತಾ ಒಂದು ಮಾತು ಒಗೆದುಬಿಟ್ಟಿದ್ದ: "ಏನು ಭಾವ, ಊರಿನ ಆಲೂಗೆಡ್ಡೇನೆಲ್ಲ ತಂಪಾಗಿ ಇಡ್ತೀರಿ, ಹೆಂಡ್ತಿಗೆ ಮಾತ್ರ ಬೀಸಣಿಗೇನಾ?"

ಆ ಮಾತು ಬಾಗಿಲಪ್ಪನವರ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಈ ಸಲ ಷಡ್ಡಕನ ಹೊಸ್ತಿಲು ತುಳಿಯುವುದಿಲ್ಲ! ಕರೆಂಟಿಲ್ಲದೆ, ಏಸಿ ಇಲ್ಲದೆ, ಹೊಳೆಯ ಪಕ್ಕದ ಬಯಲಿನಲ್ಲಿ ಟೆಂಟು ಹಾಕಿ, ತಂಪು ಎಂದರೇನೆಂದು ಜಗತ್ತಿಗೆ ತೋರಿಸುತ್ತೇನೆ ಎಂದು ಅವರು ಪಣ ತೊಟ್ಟರು.

ಹೆಂಡತಿ ಬಟ್ಟಲು ಎತ್ತಿಡುತ್ತಾ ಕೇಳಿದರು, "ಅಕಸ್ಮಾತ್ ಸೆಕೆ ಆದ್ರೆ?"

"ಯಾರಾದ್ರೂ ಒಬ್ರು ಸೆಕೆ ಅಂತ ಬಾಯಿಬಿಟ್ಟು ಹೇಳ್ಲಿ, ಅದೇ ಗಳಿಗೆ ಟೆಂಟು ಬಿಚ್ಚಿ ನಿನ್ನ ತಂಗಿ ಮನೆಗೆ ಕರ್ಕೊಂಡು ಹೋಗ್ತೀನಿ!"

"ಯಾರು ಹೇಳಿದ್ರೂ ಲೆಕ್ಕವೇ? ನೀವು ಹೇಳಿದ್ರೂ?"

ಬಾಗಿಲಪ್ಪನವರು ಮನಸಾರೆ ನಕ್ಕರು. ಮೈಕೊರೆಯುವ ಚಳಿಯಲ್ಲಿ ಸಂಬಳ ಎಣಿಸುವ ಮನುಷ್ಯ ಸೆಕೆ ಅನ್ನುವುದುಂಟೇ!

ಹೊರಡುವ ದಿನ ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿದ ಐಸಿನ ದೊಡ್ಡ ಗಡ್ಡೆಯೊಂದು ಮಹಾರಾಜನಂತೆ ಮಲಗಿತ್ತು. ಅದರ ಪಕ್ಕದಲ್ಲಿ ಪ್ಯಾಕಿಂಗ್ ಟೇಪಿನ ಸುರುಳಿಗಳು, ಥರ್ಮಾಮೀಟರು, ಹೊಚ್ಚಹೊಸ ಟೆಂಟು. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು, ಅವರಿಬ್ಬರ ನಡುವೆ ಒಂದು ಕಲ್ಲಂಗಡಿ.

"ಇದನ್ನ ಐಸ್ ಜೊತೆ ಇಡಬಹುದಿತ್ತಲ್ಲ, ಅಳಿಯಂದ್ರೇ" ಎಂದರು ಅತ್ತೆ.

"ಡಿಕ್ಕಿ ತೆಗೆದ್ರೆ ತಂಪು ಹೊರಗೆ ಹೋಗುತ್ತೆ, ಅತ್ತೆ."

ದಾರಿಯುದ್ದಕ್ಕೂ ಅತ್ತೆ ಕಲ್ಲಂಗಡಿಯನ್ನು ಮಡಿಲಲ್ಲಿಟ್ಟುಕೊಂಡೇ ಬಂದರು.

ಹೊಳೆ ಚೆನ್ನಾಗಿತ್ತು. ಮೊಣಕಾಲುದ್ದದ ತಿಳಿನೀರು, ದಡದಲ್ಲಿ ಕೊಡೆಯಂತೆ ಹರಡಿದ ಹಳೆಯ ಮರ, ಅದರ ಕೆಳಗೆ ಕಪ್ಪನೆಯ ನೆರಳು. ಹೆಂಡತಿ ನೇರವಾಗಿ ಹೋಗಿ ಆ ನೆರಳಿನಲ್ಲಿ ಚೀಲ ಇಳಿಸಿದರು. ಬಾಗಿಲಪ್ಪನವರು ಬೇಡವೆಂಬಂತೆ ತಲೆಯಾಡಿಸಿದರು. ಬಗ್ಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಇಲ್ಲಿ ಬೇರು ಎದ್ದಿದೆ. ನೆಲ ಸಮ ಇಲ್ಲ. ಟೆಂಟಿನ ಅಂಚು ನೆಲಕ್ಕೆ ಕೂರಲ್ಲ. ಕೂರದಿದ್ರೆ ಸಂದಿ. ಸಂದಿ ಇದ್ರೆ ತಂಪು ಸೋರುತ್ತೆ!"

"ಮತ್ತೆ ಎಲ್ಲಿ?"

ಅವರು ಬೆರಳು ತೋರಿಸಿದ ಜಾಗ ಕೇರಂ ಬೋರ್ಡಿನಷ್ಟು ಸಮತಟ್ಟಾಗಿತ್ತು. ನೆರಳು ಅತ್ತ ಕಡೆ ಸುಳಿದೂ ಇರಲಿಲ್ಲ.

ಟೆಂಟು ಎದ್ದಿತು. ಅದರ ನಾಲ್ಕೂ ಬದಿಗೆ ಗಾಳಿಯಾಡಲು ಜಾಲರಿಯ ಕಿಟಕಿಗಳಿದ್ದವು. ಅವನ್ನು ನೋಡಿದ್ದೇ ಬಾಗಿಲಪ್ಪನವರಿಗೆ ರೇಗಿಹೋಯಿತು. "ಯಾವ ಮಹಾನುಭಾವ ಇಷ್ಟೊಂದು ತೂತು ಕೊರೆದು ಮಾರಿದ್ದಾನೆ! ನಮ್ಮಲ್ಲಾಗಿದ್ರೆ ಕೆಲಸದಿಂದ ತೆಗೀತಿದ್ರು!" ಎನ್ನುತ್ತಾ ಒಂದೊಂದೇ ಕಿಟಕಿಗೆ ಟೇಪು ಬಡಿದರು. ಕೆಳಗಿನ ಅಂಚಿಗೂ ಬಿಡಲಿಲ್ಲ. ಮಧ್ಯದಲ್ಲಿ ಐಸಿನ ಗಡ್ಡೆಯ ಪ್ರತಿಷ್ಠಾಪನೆಯಾಯಿತು. ಅದರ ನೆತ್ತಿಯ ಮೇಲೆ, ಗೇಣು ಎತ್ತರದಲ್ಲಿ, ಥರ್ಮಾಮೀಟರು ನೇತಾಡಿತು.

"ಎಲ್ಲರೂ ಒಟ್ಟಿಗೆ ನುಗ್ಗಬೇಡಿ! ಒಬ್ಬೊಬ್ರಾಗಿ! ಬೇಗ, ಬೇಗ!"

ನಾಲ್ವರೂ ಒಳಗೆ ತೂರಿಕೊಂಡರು. ಬಾಗಿಲಪ್ಪನವರು ಜಿಪ್ಪನ್ನು ಸರ್ರನೆ ಎಳೆದರು.

"ಹಾಗೆ ಜಗ್ಗಬೇಡಿ ರೀ, ಬಟ್ಟೆ ಕಚ್ಕೊಳ್ಳುತ್ತೆ" ಎಂದರು ಹೆಂಡತಿ.

ಮೊದಲು ಸ್ವಲ್ಪ ಹೊತ್ತು ಎಲ್ಲವೂ ಸುಖವಾಗಿತ್ತು. ಆಮೇಲೆ ಸೂರ್ಯ ಟೆಂಟನ್ನು ಕಂಡ. ಒಳಗೆ ನಾಲ್ಕು ಜನರ ಉಸಿರು, ಕರಗುವ ಐಸಿನ ಹಬೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಎಲ್ಲ ಸೇರಿ ಒಂದು ಹದಕ್ಕೆ ಬಂದವು. ಮಗಳ ಕೂದಲು ಹಣೆಗೆ ಅಂಟಿಕೊಂಡಿತು. ಅತ್ತೆ ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು.

"ಏನತ್ತೆ? ಸೆಕೆಯೇ?" ಬಾಗಿಲಪ್ಪನವರು ಅನುಮಾನದಿಂದ ಕೇಳಿದರು.

"ಛೆ ಛೆ, ನನಗೇನಿಲ್ಲ. ಕನ್ನಡಕ ಬೆವರ್ತಾ ಇದೆ, ಪಾಪ."

"ಅದು ಭ್ರಮೆ! ಥರ್ಮಾಮೀಟರ್ ನೋಡಿ. ಹದಿನೆಂಟು ಡಿಗ್ರಿ! ಹದಿನೆಂಟು!"

ಅತ್ತೆ ಐಸಿನ ಮೇಲೆ ಹಾಯಾಗಿ ತೂಗುತ್ತಿದ್ದ ಥರ್ಮಾಮೀಟರನ್ನು ಅಸೂಯೆಯಿಂದ ನೋಡಿದರು. "ಹಾಗಾದ್ರೆ ಅದನ್ನ ಇಳಿಸಿ, ಆ ಕೊಕ್ಕೆಗೆ ನನ್ನ ನೇತುಹಾಕಿ ಅಳಿಯಂದ್ರೇ."

"ಅಪ್ಪಾ, ಆ ಎರಡಕ್ಷರದ್ದು ಆಗ್ತಿದೆ ಅಂತ ಹೇಳದೇನೇ, ಬೇರೆ ಹೇಗಾದ್ರೂ ಹೇಳಬಹುದಾ?" ಎಂದು ಮಗಳು ಕೇಳಿದಳು.

"ಹೇಳಬಾರದು!"

ಮೊದಲು ಅತ್ತೆ ಎದ್ದರು. ಕೈ ಜಿಗುಟಾಗಿದೆಯಂತೆ, ತೊಳೆದುಕೊಂಡು ಬರುತ್ತಾರಂತೆ. ಹೋಗುವಾಗ ಕಲ್ಲಂಗಡಿಯನ್ನೂ ಎತ್ತಿಕೊಂಡರು, ಅದರ ಕೈಯೂ ಜಿಗುಟಾಗಿತ್ತೋ ಏನೋ! ಅಜ್ಜಿ ಒಬ್ಬರೇ ಹೊಳೆಗೆ ಹೋಗಬಾರದೆಂದು ಮಗಳು ಹಿಂದೆಯೇ ಓಡಿದಳು. ಅವರಿಬ್ಬರನ್ನೂ ಕರೆದುಕೊಂಡು ಬರುತ್ತೇನೆಂದು ಹೆಂಡತಿ ಹೊರಟರು. ಒಬ್ಬೊಬ್ಬರು ಹೋದಾಗಲೂ ಬಾಗಿಲು ತೆರೆಯಿತು, ಒಬ್ಬೊಬ್ಬರು ಹೋದಾಗಲೂ ಬಾಗಿಲಪ್ಪನವರು ಹಾರಿಬಂದು ಜಿಪ್ಪು ಎಳೆದರು. ಮೂರನೆಯ ಸಲ ಅವರು ಸಿಟ್ಟಿನಿಂದ ಜಿಪ್ಪನ್ನು ಎಷ್ಟು ಬಲವಾಗಿ ಜಗ್ಗಿದರೆಂದರೆ, ಅದು ಕಟಕ್ಕನೆ ಬಟ್ಟೆಯನ್ನು ಕಚ್ಚಿ ನಿಂತುಬಿಟ್ಟಿತು.

ಅದು ಗೊತ್ತಾಗಿದ್ದು ಬಹಳ ಹೊತ್ತಿನ ಮೇಲೆ. ಹೋದವರು ಯಾರೂ ಬರಲಿಲ್ಲ. ಐಸ್ ಕರಗಿ ಚಾಪೆಯ ಕೆಳಗೆ ಬಿಸಿನೀರಾಯಿತು. ಥರ್ಮಾಮೀಟರಿಗೂ ನಾಚಿಕೆ ಬಿಟ್ಟುಹೋಗಿ, ಅದರ ಕೆಂಪು ಗೆರೆ ಮೂವತ್ತೆಂಟನ್ನು ದಾಟಿ ಮೇಲಕ್ಕೆ ಹೊರಟಿತ್ತು. ಬಾಗಿಲಪ್ಪನವರು ಜಿಪ್ಪಿಗೆ ಕೈ ಹಾಕಿದರು. ಬರಲಿಲ್ಲ. ಎರಡೂ ಕೈ ಹಾಕಿದರು. ಬರಲಿಲ್ಲ. ಟೇಪು ಕೀಳಲು ನೋಡಿದರು. ಅದನ್ನು ಅಂಟಿಸಿದ್ದು ಹೊರಗಡೆಯಿಂದ!

ಹೊರಗೆ ನೀರಿನ ಪಚಪಚ ಸದ್ದು, ನಗು. ಕೂಗಿದರೆ ಬರುತ್ತಾರೆ. ಆದರೆ ಏನೆಂದು ಕೂಗುವುದು? ಕೂಗಿದರೆ ಪ್ರತಿಜ್ಞೆ ಹೋಯಿತು, ಪ್ರತಿಜ್ಞೆ ಹೋದರೆ ಷಡ್ಡಕ ಬಂದ! ಅವರು ತುಟಿ ಕಚ್ಚಿಕೊಂಡು ಕೂತರು.

ಕೊನೆಗೆ ಹೆಜ್ಜೆಗಳ ಸದ್ದು ಕೇಳಿಸಿತು. ಯಾರೋ ಟೆಂಟಿನ ಕಂಬಿಯನ್ನು ಟಕ್ ಟಕ್ ತಟ್ಟಿದರು.

"ಒಳಗೆ ಯಾರಾದ್ರೂ ಇದ್ದೀರಾ?" ಅತ್ತೆಯ ದನಿ.

"ಇದ್ದೀನಿ, ಅತ್ತೆ."

"ಹೇಗಿದೆ ಒಳಗೆ?"

ಬಾಗಿಲಪ್ಪನವರ ಮೂಗಿನ ತುದಿಯಿಂದ ಒಂದು ಹನಿ ಜಾರಿ ಥರ್ಮಾಮೀಟರಿನ ಮೇಲೆ ಬಿತ್ತು. "ತಂ... ತಂಪಾಗಿದೆ."

"ಸಂತೋಷ. ಕಲ್ಲಂಗಡಿ ಹೊಳೆಯಲ್ಲಿ ಚೆನ್ನಾಗಿ ತಣ್ಣಗಾಗಿತ್ತು, ಒಂದು ಹೋಳು ನಿಮಗೆ ಅಂತ ತಂದಿದ್ದೆ. ಬೇಡ ಬಿಡಿ. ಬಾಗಿಲು ತೆಗೆದ್ರೆ ತಂಪು ಹೊರಗೆ ಹೋಗುತ್ತೆ."

ಹೆಜ್ಜೆಗಳು ತಿರುಗಿದವು.

"ಅತ್ತೆ! ಅತ್ತೇ! ಜಿಪ್ಪು ಸಿಕ್ಕಿಕೊಂಡಿದೆ!"

"ಅಷ್ಟೇನಾ?" ಈಗ ಹೆಂಡತಿಯ ದನಿ. "ಸೋಪು ಉಜ್ಜಿದ್ರೆ ಬಿಟ್ಕೊಳ್ಳುತ್ತೆ. ಸೋಪು ನನ್ನ ಕೈಯಲ್ಲೇ ಇದೆ. ಆದ್ರೆ ನೀವು ತಂಪಾಗಿ ಕೂತಿರೋವಾಗ ಯಾಕೆ ತೆಗೀಬೇಕು, ಹೇಳಿ?"

ಒಳಗೆ ಒಬ್ಬ ಮನುಷ್ಯನ ಇಡೀ ವೃತ್ತಿಗೌರವ, ಒಂದು ವರ್ಷದ ಛಲ, ಆಲೂಗೆಡ್ಡೆಯ ಅವಮಾನ, ಎಲ್ಲ ಒದ್ದಾಡುತ್ತಿದ್ದವು. ಆಮೇಲೆ ಟೆಂಟಿನಿಂದ ಒಂದು ಕ್ಷೀಣ ಸ್ವರ ಹೊರಟಿತು.

"...ಸೆಕೆ."

"ಕೇಳಿಸ್ಲಿಲ್ಲ ಅಪ್ಪಾ!" ಎಂದಳು ಮಗಳು.

"ಸೆಕೆ! ಸೆಕೆ! ಸೆಕೆಯೋ ಸೆಕೆ!"

ಜಿಪ್ಪು ಬಿಟ್ಟುಕೊಂಡಿತು. ಬಾಗಿಲಪ್ಪನವರು ತೊಟ್ಟಿಕ್ಕುತ್ತಾ ಹೊರಬಿದ್ದರು. ಸೊಂಟದವರೆಗೆ ಹೊಳೆಯಲ್ಲಿ ಕೂತು ಬಂದಿದ್ದ ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀರಿಗಿಳಿದೋರು ನಾವು. ನೀವು ಹೇಗೆ ನಮಗಿಂತ ಒದ್ದೆ?"

ಕೊಟ್ಟ ಮಾತು ಕೊಟ್ಟ ಮಾತೇ. "ಇಲ್ಲೇ ಮರದ ಕೆಳಗೆ ಇದ್ದುಬಿಡೋಣ್ವಾ?" ಎಂದು ಬಾಗಿಲಪ್ಪನವರು ಎಷ್ಟೇ ಗೋಗರೆದರೂ ಹೆಂಡತಿ ಚೀಲ ಕಟ್ಟಿಯಾಗಿತ್ತು. ಸಂಜೆ ಷಡ್ಡಕನ ಮನೆ ತಲುಪಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ನಾದಿನಿಗೆ ಫೋನಿನಲ್ಲಿ ಕಥೆಯೆಲ್ಲ ಮೊದಲೇ ತಲುಪಿತ್ತೆಂದು ತಿಳಿಯಲು ಅವನ ಮುಖ ನೋಡಿದರೆ ಸಾಕಿತ್ತು.

"ಬನ್ನಿ ಬನ್ನಿ ಭಾವ! ಹೇಗಿತ್ತು ಟೆಂಟು? ಕೂತ್ಕೊಳ್ಳಿ, ಹೊಸ ಮಾಡೆಲ್ ಹಾಕಿಸಿದ್ದೀನಿ, ತಂಪು ಅಂದ್ರೇನು ಅಂತ ತೋರಿಸ್ತೀನಿ!"

ರಿಮೋಟು ಕುಯ್ ಎಂದಿತು. ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು, ಪರದೆಗಳು ಎಳೆದಿದ್ದವು. ಬೆವರಿನಿಂದ ತೋಯ್ದು ಬಂದ ಮೈಗೆ ಆ ಗಾಳಿ ಬಡಿದದ್ದೇ ತಡ, ಬಾಗಿಲಪ್ಪನವರು ಒಂದಾದ ಮೇಲೊಂದು ಸೀನತೊಡಗಿದರು. ಎಂಟನೆಯ ಸೀನಿಗೆ ಅವರ ಮರ್ಯಾದೆಯ ಕೊನೆಯ ತುಣುಕೂ ಹಾರಿಹೋಯಿತು. ಜೀವಮಾನದಲ್ಲಿ ಎಂದೂ ಆಡದ ಮಾತನ್ನು ಅವರು ಕೈಮುಗಿದು ಆಡಿದರು.

"ದಯವಿಟ್ಟು... ಆ ಬಾಗಿಲು ಸ್ವಲ್ಪ ತೆಗೀತೀರಾ?"

ಷಡ್ಡಕ ಗಾಬರಿಯಿಂದ ಓಡಿಬಂದು ಬಾಗಿಲಿಗೆ ಅಡ್ಡ ನಿಂತ. "ಅಯ್ಯಯ್ಯೋ, ಬೇಡ ಭಾವ! ತಂಪು ಹೊರಗೆ ಹೋಗುತ್ತೆ!"

ಅತ್ತೆ ಒಬ್ಬ ಅಳಿಯನನ್ನು ನೋಡಿದರು, ಇನ್ನೊಬ್ಬ ಅಳಿಯನನ್ನು ನೋಡಿದರು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಿಟ್ಟುಸಿರುಬಿಟ್ಟರು.

"ಇಬ್ಬರು ಹೆಣ್ಣುಮಕ್ಕಳನ್ನ ಎರಡು ಮನೆಗೆ ಕೊಟ್ಟೆ ಅಂದ್ಕೊಂಡಿದ್ದೆ. ಇಬ್ಬರನ್ನೂ ಒಂದೇ ಕೋಲ್ಡ್ ಸ್ಟೋರೇಜಿಗೆ ಕೊಟ್ಟಿದ್ದೀನಿ!"