ಗುಡಿಸಲಿಗೆ ಕಟ್ಟಿದ ಚೀಟಿ

ವರ್ಷಕ್ಕೊಮ್ಮೆ ಕಚೇರಿಯವರೆಲ್ಲ ಕಾಡಿನಂಚಿಗೆ ಹೋಗಿ, ಬುತ್ತಿ ಬಿಚ್ಚಿ, ಹಗ್ಗಜಗ್ಗಾಟ ಆಡಿ ಬರುವುದು ರೂಢಿ. ಈ ಸಲ ಹೊಸ ಸಾಹೇಬರು ಬಸ್ಸಿನಿಂದ ಇಳಿಯುತ್ತಲೇ ಹೊಸ ಆಟ ಹೂಡಿದರು.

"ಒಂದು ಗಂಟೆ ಟೈಮು. ಎಲ್ರೂ ಸೊಪ್ಪುಸದೆಯಲ್ಲಿ ಒಂದೊಂದು ಗುಡಿಸಲು ಕಟ್ಕೊಂಡು ಅಡಗಬೇಕು. ನಾನು ಹುಡುಕ್ತೀನಿ. ಕೊನೇವರೆಗೂ ಯಾರು ಸಿಗಲ್ವೋ, ಮೂರನೇ ಮಹಡಿಯ ಕಿಟಕಿ ಪಕ್ಕದ ಮೇಜು ಅವರದ್ದು!"

ದಫ್ತರಖಾನೆಯ ಗುಮಾಸ್ತ ಆಗಲೇ ತೋಳು ಮಡಚಿದ. ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ಜೊತೆ ಸೀನುತ್ತ ಹನ್ನೊಂದು ವರ್ಷ ಕಳೆದ ಪ್ರಾಣಿ ಅದು. ಅಲ್ಲಿದ್ದ ಒಂದೇ ಗವಾಕ್ಷಿಯಲ್ಲಿ ಕಾಣುವುದು ದಾರಿಹೋಕರ ಪಾದಗಳು ಮಾತ್ರ. ಸ್ವಂತ ಭಾವನನ್ನೂ ಈಗೀಗ ಚಪ್ಪಲಿ ನೋಡಿಯೇ ಗುರುತಿಸುತ್ತಿದ್ದ. ಆ ಕಿಟಕಿ ಅವನಿಗೆ ಬೇಕೇ ಬೇಕಿತ್ತು.

ಎರಡು ಪೊದೆಗಳ ನಡುವೆ ಬಾಗಿದ್ದ ಕೊಂಬೆಗೆ ಕಡ್ಡಿಗಳನ್ನು ಒರಗಿಸಿ, ಜೇಬಿನಲ್ಲಿದ್ದ ಕಡತದ ಲಾಡಿಯಿಂದ ಬಿಗಿದು, ಸೊಪ್ಪು ಹೊದಿಸತೊಡಗಿದ. ಪಕ್ಕದಲ್ಲೇ ಕಟ್ಟುತ್ತಿದ್ದ ಟೈಪಿಸ್ಟ್ ಅಕ್ಕನಿಗೆ ತನ್ನದಕ್ಕಿಂತ ಇವನದ್ದರ ಮೇಲೇ ಕಣ್ಣು.

"ಹಿಂದುಗಡೆ ತೆಳ್ಳಗಾಯ್ತು ಕಣೋ. ಇನ್ನೊಂದು ಹೊರೆ ತಗೊಂಡ್ ಬಾ."

"ನಿಮ್ಮದು ವಾಲ್ತಾ ಇದೆ ಅಕ್ಕಾ."

"ನನ್ನ ಚಿಂತೆ ನಿಂಗ್ಯಾಕೆ? ಹೇಳಿದಷ್ಟು ಮಾಡು."

ಹೊರೆ ತಂದು ನೋಡುತ್ತಾನೆ, ಗುಡಿಸಲೇ ಇಲ್ಲ! ಅಷ್ಟು ಚೆನ್ನಾಗಿ ಮುಚ್ಚಿಬಿಟ್ಟಿದ್ದ. ಸಿಕ್ಕ ಸಿಕ್ಕ ಪೊದೆಗೆಲ್ಲ ತಲೆ ತೂರಿಸಿದ. ಒಂದರೊಳಗೆ ಅಕ್ಕ ಕೂತಿದ್ದಳು.

"ಕಣ್ಣು ಕಾಣಲ್ವಾ? ಇದು ನನ್ನ ಮನೆ!"

ಗಾಬರಿಯಿಂದ ಹಿಂದೆ ಸರಿದವನ ಕಾಲು ಆಸರೆಯ ಕೋಲಿಗೆ ತಗುಲಿ, ಇಡೀ ಗುಡಿಸಲು ದೊಪ್ಪನೆ ಅವಳ ಮೇಲೇ ಕುಸಿಯಿತು. ಸೊಪ್ಪಿನಡಿಯಿಂದ ಬಂದ ಬೈಗುಳ ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಅಂತೂ ಲಾಡಿಯ ತುದಿಯೊಂದು ಕಣ್ಣಿಗೆ ಬಿದ್ದು ಅವನ ಗುಡಿಸಲು ಸಿಕ್ಕಿತು. ಇನ್ನೊಂದು ಹೊರೆ ತರುವಷ್ಟರಲ್ಲಿ ಮತ್ತೆ ಕಳೆದುಹೋದರೆ? ಹುಟ್ಟುಗುಣ ಸುಟ್ಟರೂ ಹೋಗದಂತೆ. ಅವನ ಕೈ ತಾನಾಗಿಯೇ ಜೇಬಿಗಿಳಿದು ಚೀಟಿ ತೆಗೆಯಿತು, ಬರೆಯಿತು, ಲಾಡಿಗೆ ಕಟ್ಟಿತು. ಕೊನೆಯ ಹೊರೆ ಹೊದಿಸಿ ಅವನು ಒಳಗೆ ನುಸುಳುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು.

ಒಬ್ಬೊಬ್ಬರೇ ಸಿಕ್ಕಿಬಿದ್ದರು. ಎಲೆಗಳ ಸಂದಿಯಲ್ಲಿ ಅವರ ಪಾದಗಳನ್ನು ನೋಡಿ ಗುಮಾಸ್ತ ಖುಷಿಯಿಂದ ಲೆಕ್ಕ ಹಾಕಿದ: ರವಾನೆ ವಿಭಾಗದವನ ಸವೆದ ಹಿಮ್ಮಡಿ, ಜವಾನನ ಕ್ಯಾನ್ವಾಸ್ ಷೂ... ಕಿಟಕಿಯ ಗಾಳಿ ಆಗಲೇ ಮುಖಕ್ಕೆ ಬೀಸಿದಂತಾಯಿತು. ಅಷ್ಟರಲ್ಲಿ ಸಾಹೇಬರ ಬೂಟುಗಳು ಮುಂದೆ ಹೋದವು, ನಿಂತವು, ತಿರುಗಿದವು.

"ಕ್ರಮ ಸಂಖ್ಯೆ ಒಂದು," ಸಾಹೇಬರು ಗಟ್ಟಿಯಾಗಿ ಓದಿದರು. "ವಿಷಯ: ತಾತ್ಕಾಲಿಕ ಗುಡಿಸಲು. ಒಳಗಿರುವುದು: ಒಬ್ಬರು."

ಗುಮಾಸ್ತ ತೆವಳಿಕೊಂಡು ಹೊರಬಂದ. ಅಳುವುದೊಂದು ಬಾಕಿ.

ಕಿಟಕಿಯ ಮೇಜು ಟೈಪಿಸ್ಟ್ ಅಕ್ಕನಿಗೆ ಹೋಯಿತು. ಕುಸಿದ ಸೊಪ್ಪಿನ ಗುಡ್ಡೆಯಡಿ ಮನುಷ್ಯರಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಸಾಹೇಬರಂತೂ ಅದರ ಮೇಲೇ ಕೂತು ನೀರು ಕುಡಿದಿದ್ದರು.

ಬಸ್ಸು ಹತ್ತುವಾಗ ಸಾಹೇಬರು ಗುಮಾಸ್ತನ ಭುಜ ತಟ್ಟಿದರು. "ಕಾಡಲ್ಲೂ ಚೀಟಿ ಅಂಟಿಸೋ ಮನುಷ್ಯ ನೀವು! ನಿಮ್ಮಂಥೋರು ಮೇಲೆ ಬಂದ್ರೆ ಕಡತಗಳ ಗತಿಯೇನು? ಸೋಮವಾರದಿಂದ ನೆಲಮಾಳಿಗೆಯ ಎರಡನೇ ಕೋಣೆನೂ ನಿಮ್ಮದೇ."

ಚೀಟಿಯನ್ನು ಅವನ ಕೈಗಿಟ್ಟು, ಪೆನ್ನೂ ಕೊಟ್ಟರು.

"ಇದನ್ನೇ ಬಾಗಿಲಿಗೆ ಅಂಟಿಸಿ. 'ತಾತ್ಕಾಲಿಕ' ಅನ್ನೋದೊಂದನ್ನ ಹೊಡೆದುಹಾಕಿ, ಸಾಕು."