ಪದಬಂಧಕ್ಕೆ ಬಂದ ಡಿಸ್ಕ್ ರೋಗ

ಮನೆಯಲ್ಲಿ ಗಂಡನಿಗೆ ಎಷ್ಟು ಮರ್ಯಾದೆ ಇದೆ ಎಂದು ತಿಳಿಯಬೇಕಾದವರು ನಮ್ಮ ಕಂಪ್ಯೂಟರನ್ನು ಒಮ್ಮೆ ನೋಡಬೇಕು. ಅದರ ನೆತ್ತಿಯ ಮೇಲೆ ನನ್ನ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ: 'ಇವರು ಮುಟ್ಟಬಾರದು.' ಇವರು ಎಂದರೆ ನಾನೇ. (ಬಹುವಚನ ಕೊಟ್ಟಿದ್ದಾಳಲ್ಲ, ಅಷ್ಟೇ ಸಮಾಧಾನ.) ಹೀಗಿದ್ದೂ ನಾನು ಮುಟ್ಟಿದೆನೆಂದರೆ ಅದು ಅವಳದೇ ಅಪ್ಪಣೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರೂ ಇದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಅವಳು ಒಂದು ವಾರಪತ್ರಿಕೆಗೆ ಪದಬಂಧ ರಚಿಸುತ್ತಾಳೆ. ಪ್ರತಿ ಪದಬಂಧಕ್ಕೂ ಚೌಕಗಳದ್ದೊಂದು ಫೈಲು, ಸುಳಿವುಗಳದ್ದೊಂದು, ಉತ್ತರದ್ದು ಇನ್ನೊಂದು. ಮುಂದಿನ ಎಷ್ಟೋ ವಾರಗಳದ್ದನ್ನು ಮೊದಲೇ ಮಾಡಿ, ಅಡುಗೆಮನೆಯ ಡಬ್ಬಿಗಳಂತೆ ಹೆಸರು ಬರೆದು ಸಾಲಾಗಿ ಇಟ್ಟಿರುತ್ತಾಳೆ. ತಂಗಿಯ ಬಾಣಂತನಕ್ಕೆಂದು ಹೋದವಳು ಅಲ್ಲಿಂದ ಫೋನು ಮಾಡಿದಳು.

"ರೀ, ಈ ವಾರದ ಚೌಕ, ಸುಳಿವು ಎರಡನ್ನೂ ಸಂಪಾದಕರಿಗೆ ಕಳಿಸಿಬಿಡಿ. ಸಂಜೆಯೊಳಗೆ ಹೋಗದಿದ್ರೆ ನನ್ನ ಜಾಗ ಹೋಗುತ್ತೆ. ಬೇರೆ ಏನೂ ಮುಟ್ಟಬೇಡಿ."

ಜಾಗ ಹೋಗುವುದು ಬರೀ ಬೆದರಿಕೆಯಲ್ಲ. ಒಂದು ವಾರ ತಪ್ಪಿದರೂ ಆ ಮೂಲೆಯನ್ನು ಹೊಟ್ಟೆ ಕರಗಿಸುವ ತಜ್ಞರೊಬ್ಬರಿಗೆ ಕೊಡುವುದಾಗಿ ಸಂಪಾದಕರು ಹೇಳಿದ್ದರು. ಹೆಂಡತಿ ಪ್ರೀತಿಯಿಂದ ಮಾಡುವ ಕೆಲಸ ಅದೊಂದೇ. ಅದು ನನ್ನ ಕೈಯಿಂದ ಹೋಯಿತೆಂದರೆ ಮುಂದೆ ನನ್ನ ಹೊಟ್ಟೆ ಕರಗಿಸಲು ತಜ್ಞರೇ ಬೇಕಾಗಿರಲಿಲ್ಲ.

ಕಂಪ್ಯೂಟರ್ ಹಚ್ಚಿದೆ. ಅದು ಏನನ್ನೋ ಮೆಲುಕು ಹಾಕುತ್ತ ಕೂತಿತು. ನಾನು ಸಹನಾಮೂರ್ತಿಯೇ, ಆದರೂ ಬೇಸರವಾಗಿ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದೆ. ಮತ್ತೆ ಹಚ್ಚಿದರೆ, ಡಿಸ್ಕಿಗೆ ಪೆಟ್ಟಾಗಿದೆ, ತಪಾಸಣೆ ಮಾಡಬೇಕು, ಬೇಡವಾದರೆ ಯಾವುದಾದರೂ ಒಂದು ಕೀಲಿ ಒತ್ತಿ ಎಂದಿತು. ಯಾವ ಕೀಲಿಯಾದರೂ ಸರಿ! ಇಷ್ಟು ಔದಾರ್ಯವನ್ನು ಈ ಮನೆಯಲ್ಲಿ ನನಗೆ ಯಾರೂ ತೋರಿಸಿರಲಿಲ್ಲ. ಸಂತೋಷದಿಂದ ಒತ್ತಿದೆ. ಅದು ಪುನಃ ಸ್ತಬ್ಧವಾಯಿತು. ಪುನಃ ಗುಂಡಿ, ಪುನಃ ಕೀಲಿ.

ನಮ್ಮ ಮಾವ ಹಿಂದೆಯೇ ನಿಂತು ನೋಡುತ್ತಿದ್ದರು. ಚಿಕ್ಕ ಮಗಳ ಮನೆಯಲ್ಲಿ ಮಗು ಅಳುತ್ತದೆ, ನಿದ್ದೆ ಬರುವುದಿಲ್ಲವೆಂದು ನನ್ನ ಜೊತೆ ಉಳಿದುಕೊಂಡವರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವರಿಗೆ ಖಾಲಿ ಜಾಗ ಕಂಡರೆ ಆಗದು, ಯಾರನ್ನಾದರೂ ಕೂರಿಸಿಯೇ ತೀರಬೇಕು.

"ತಪಾಸಣೆಗೆ ಹೆದರೋರು ಟಿಕೆಟ್ ಇಲ್ಲದೋರು ಮಾತ್ರ, ಅಳಿಯಂದಿರೇ" ಎಂದರು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಮ್ಮೆ ಕಂಪ್ಯೂಟರ್ ಎದ್ದು ಕೂತಾಗ ಪದಬಂಧದ ಫೋಲ್ಡರ್ ಒತ್ತಿದರೆ, 'ಹಾಳಾಗಿದೆ, ಓದಲಾಗದು' ಎಂಬ ತೀರ್ಪು ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನೂ ಆಗ ತಪಾಸಣೆಗೆ ಒಪ್ಪಿಕೊಂಡೆ. ಮಧ್ಯಾಹ್ನವಿಡೀ ಶೇಕಡಾ ಲೆಕ್ಕ ತೆವಳುತ್ತ ಏರಿತು. ಮಾವ ಕುರ್ಚಿ ಎಳೆದುಕೊಂಡು, ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಿಗೆ ಕೂತವರಂತೆ ಆಗಾಗ ನಿಟ್ಟುಸಿರು ಬಿಟ್ಟರು.

ದುರಸ್ತಿ ಯಶಸ್ವಿಯಾಯಿತೆಂದು ಯಂತ್ರವೇ ಘೋಷಿಸಿತು. ಫೈಲುಗಳೂ ಸಿಕ್ಕವು. ಆದರೆ ಒಂದಕ್ಕೂ ಹೆಸರಿಲ್ಲ, ಜೈಲಿನ ಕೈದಿಗಳಂತೆ ಎಲ್ಲಕ್ಕೂ ಬರೀ ನಂಬರು. ಉತ್ತರಗಳನ್ನು ತೆರೆದರೆ ಇರುವೆ ಹರಿದಂಥ ಅಕ್ಷರ. ಚೌಕಗಳು, ಸುಳಿವುಗಳು ಸರಿಯಾಗಿಯೇ ಇದ್ದವು, ಆದರೆ ಯಾವ ಚೌಕಕ್ಕೆ ಯಾವ ಸುಳಿವು ಎಂಬುದು ಮಾತ್ರ ದೇವರಿಗೇ ಗೊತ್ತು. ಹೆಂಡತಿಯನ್ನು ಕೇಳಬಹುದಿತ್ತು. ಬಾಣಂತಿಯ ಮನೆಯಲ್ಲಿ ಗಲಾಟೆ ಬೇಡವೆಂದು ಸುಮ್ಮನಾದೆ. (ಭಯವಾಯಿತು ಎಂದೂ ಹೇಳಬಹುದು.) ಅಷ್ಟರಲ್ಲಿ ಸಂಪಾದಕರ ಫೋನು ಬರತೊಡಗಿತು. ಕಣ್ಣಿಗೆ ಲಕ್ಷಣವಾಗಿ ಕಂಡ ಒಂದು ಚೌಕ, ಕೈಗೆ ಸಿಕ್ಕಿದ ಒಂದು ಸುಳಿವಿನ ಪಟ್ಟಿ, ಎರಡನ್ನೂ ಗಂಟು ಹಾಕಿ ಕಳಿಸಿಬಿಟ್ಟೆ.

ಪತ್ರಿಕೆ ಬಂದ ಬೆಳಿಗ್ಗೆ ಮಾವ ಪೆನ್ಸಿಲು ಹಿಡಿದು ಕೂತರು. 'ಹಸುವಿನ ಮರಿ' ಎಂಬ ಸುಳಿವಿಗೆ ಐದು ಮನೆಗಳಿದ್ದವು. ಕರು ಎಂದರೆ ಮೂರು ಮನೆ ಖಾಲಿ ಉಳಿಯುತ್ತದೆ, ಅದು ಅವರಿಂದ ಸಾಧ್ಯವೇ? 'ಧೇನುಕಂದಮ್ಮ' ಎಂದು ತುಂಬಿದರು. 'ಸೊಂಡಿಲಿರುವ ಪ್ರಾಣಿ'ಗೆ ಮೂರು ಮನೆ. 'ಆನೆಯೇ' ಎಂದು ಬರೆದರು. ಅದೇನು ಮಾವ ಎಂದು ಕೇಳಿದ್ದಕ್ಕೆ, ಯಾರಿಗೂ ಸಂಶಯ ಉಳಿಯಬಾರದೆಂದು ನಿಮ್ಮ ಹೆಂಡತಿ ಒತ್ತಿ ಕೇಳಿದ್ದಾಳೆ, ಜಾಣೆ ಎಂದರು. ಊಟದ ಹೊತ್ತಿಗೆ ಒಂದು ಮನೆಯೂ ಖಾಲಿ ಇರಲಿಲ್ಲ. ಅದೇ ಹೊತ್ತಿಗೆ ಸಂಪಾದಕರು ಮುಂದಿನ ಸಂಚಿಕೆಗೆ ಉತ್ತರ ಕಳಿಸಿ ಎಂದರು. ನಾನು ಮಾವನ ಹಾಳೆಯ ಫೋಟೋ ತೆಗೆದು ಕಳಿಸಿದೆ. ಬೇರೆ ಉತ್ತರ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಉತ್ತರ ಅಚ್ಚಾದ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೆಂಡತಿ ಮನೆಗೆ ಬಂದಳು. ಚೀಲವನ್ನೂ ಕೆಳಗಿಡಲಿಲ್ಲ.

"ಆನೆಯೇ?" ಎಂದಳು.

ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವಳ ಕಣ್ಣಲ್ಲಿ ನೀರು ಬಂದದ್ದು ಕಂಡು ನನಗೂ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷ ಕಟ್ಟಿಕೊಂಡ ಹೆಸರನ್ನು ಒಂದು ಗುಂಡಿ ಒತ್ತಿ ಕೆಡಿಸಿದ್ದೆ. ಆಗಲೇ ಸಂಪಾದಕರ ಫೋನು ಬಂತು. ಜಾಗ ಹೋಯಿತು ಎಂದುಕೊಂಡು ಅವಳು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ಅಮ್ಮಾ, ಇಷ್ಟು ದಿನ ನಿಮ್ಮ ಪದಬಂಧ ತೀರಾ ಸುಲಭ ಅಂತ ದೂರು ಬರ್ತಿತ್ತು. ಈ ಸಲ ಒಬ್ಬರಿಗೂ ಬಿಡಿಸೋಕಾಗಿಲ್ಲ. ತಪ್ಪಿದೆ ಅಂತ ಹೇಳೋಕೂ ಯಾರಿಗೂ ಧೈರ್ಯ ಇಲ್ಲ. ಪಂಡಿತರೊಬ್ಬರು 'ಆನೆಯೇ' ಅನ್ನೋದರ ಒಳಾರ್ಥದ ಮೇಲೆ ಲೇಖನ ಕಳಿಸಿದ್ದಾರೆ. ದಯವಿಟ್ಟು ಇದೇ ಮಟ್ಟ ಕಾಪಾಡಿಕೊಳ್ಳಿ."

ನಾನು ಮೀಸೆ ತಿರುವಿದೆ. ಅವಳು ಫೋನು ಇಟ್ಟು, ಕಣ್ಣೊರೆಸಿಕೊಂಡು, ನನ್ನನ್ನೂ ತನ್ನ ಅಪ್ಪನನ್ನೂ ಬಹಳ ಹೊತ್ತು ನೋಡಿದಳು. ಮರುದಿನದಿಂದ ತಾನೇ ಕೂತು ಚೌಕ ಸುಳಿವುಗಳನ್ನೆಲ್ಲ ಜೋಡಿಸಿ, ನಿಜವಾದ ಪದಬಂಧಗಳನ್ನು ಪುಸ್ತಕ ಮಾಡುತ್ತೇನೆಂದು ತೆಗೆದಿಟ್ಟಳು. ಪತ್ರಿಕೆಯ ಕೆಲಸ ಮಾತ್ರ ನಮ್ಮಿಬ್ಬರ ಪಾಲಿಗೆ ಬಂತು. ಹೆಸರು ಅವಳದೇ.

ಈಗ ಪ್ರತಿ ರಜಾದಿನ ಮಾವ ಮನಸ್ಸಿಗೆ ಬಂದ ಪದಗಳನ್ನು ಚೌಕದಲ್ಲಿ ಕೂರಿಸುತ್ತಾರೆ. ಅವಕ್ಕೆ ಸಂಬಂಧವಿಲ್ಲದ ಸುಳಿವು ಹುಡುಕಿ ಹುಡುಕಿ ನನ್ನ ತಲೆ ಬಿಸಿಯಾಗುತ್ತದೆ. ಹೆಂಡತಿ ಕಾಲು ಚಾಚಿಕೊಂಡು ಕೂತು ಪರಿಶೀಲಿಸುತ್ತಾಳೆ. ನಿನ್ನೆಯೂ ಹಾಳೆಯನ್ನು ನನ್ನ ಕಡೆ ವಾಪಸ್ಸು ತಳ್ಳಿದಳು.

"ಏಳನೇದಕ್ಕೆ ಸರಿಯಾದ ಸುಳಿವು ಸೇರಿಬಿಟ್ಟಿದೆ ರೀ. ತೆಗೆದುಹಾಕಿ, ಓದುಗರು ಬೈತಾರೆ."