ನಮ್ಮನೆಯವರೂ ಏಳೂವರೆ ಬಸ್ಸೂ

ನಮ್ಮನೆಯವರಷ್ಟು ಸಿನಿಮಾ ನೋಡಿದವರು ಇಡೀ ಅಜ್ಜಂಪುರದಲ್ಲಿ ಇರಲಿಕ್ಕಿಲ್ಲ. ಆದರೆ ಒಂದರ ಕೊನೆಯನ್ನೂ ಅವರು ನೋಡಿದವರಲ್ಲ! ಅವರು ನೋಡದಿದ್ದರೆ ಹಾಳಾಗಿ ಹೋಗಲಿ, ನನಗೂ ನೋಡಲು ಬಿಟ್ಟವರಲ್ಲ. ಮದುವೆಯಾದ ಮೊದಲ ಮೂವತ್ತೈದು ವರ್ಷದಲ್ಲಿ ನಾನು ಕೊನೆತನಕ ಕೂತು ನೋಡಿದ್ದು ನಮ್ಮ ಮದುವೆ ಒಂದನ್ನೇ. ಅದೂ ನಾನೇ ಮದುಮಗಳಾದ್ದರಿಂದ.

ಕಾರಣ? ಬಸ್ಸು! ಕಡೂರಿಗೆ ಹೋಗಲಿ, ತರೀಕೆರೆಗೆ ಹೋಗಲಿ, ಇಳಿದ ಕೂಡಲೇ ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳುವುದೇ ಅವರ ಮೊದಲ ಕೆಲಸ. ಮುಕ್ಕಾಲು ಗಂಟೆ ಮುಂಚೆ ಹೋಗಿ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದರೇನೇ ಸಮಾಧಾನ. ಆ ಬಸ್ಸಾದರೂ ಹೊತ್ತಿಗೆ ಸರಿಯಾಗಿ ಹೊರಡುತ್ತದೆಯೇ? ಡ್ರೈವರ್ ಕಾಫಿ ಕುಡಿಯಬೇಕು, ಕಂಡಕ್ಟರ್ ಬೀಡಿ ಸೇದಬೇಕು. ಅಲ್ಲಿಯವರೆಗೆ ನಾವಿಬ್ಬರೂ ಖಾಲಿ ಬಸ್ಸಿನಲ್ಲಿ ಬೆವರುತ್ತಾ ಕೂತಿರಬೇಕು. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ!

ಕಡೂರಿನಲ್ಲೊಮ್ಮೆ ಸಿನಿಮಾಕ್ಕೆ ಹೋಗಿದ್ದೆವು. ನಾಯಕಿಗೆ ಆಪರೇಷನ್. ಡಾಕ್ಟರು ಬಾಗಿಲು ತೆರೆದು ಬಂದರು, ಕನ್ನಡಕ ತೆಗೆದರು, ಇನ್ನೇನು ಬಾಯಿ ಬಿಡಬೇಕು, "ಏಳೇ" ಅಂದರು ಇವರು! ನನ್ನ ಪಾಲಿಗೆ ಆ ಪುಣ್ಯಾತ್ಗಿತ್ತಿ ಇವತ್ತಿಗೂ ಆಸ್ಪತ್ರೆಯಲ್ಲೇ ಇದ್ದಾಳೆ. ಸಖರಾಯಪಟ್ಟಣದಲ್ಲಿ ನನ್ನ ಸ್ವಂತ ತಂಗಿಯ ಮಗಳ ಮದುವೆ. ಪಾಯಸದವನು ಪಕ್ಕದ ಎಲೆಯವರೆಗೆ ಬಂದಿದ್ದ. ಇವರು ಎಲೆ ಮಡಚಿ ಎದ್ದೇಬಿಟ್ಟರು. ತಂಗಿ ಆರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು.

ಹೀಗಿರುವಾಗ ಎಂಬತ್ತನೇ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ ತರೀಕೆರೆಯ ಸ್ಕೂಲ್ ಮೈದಾನಕ್ಕೆ ಬೆಂಗಳೂರಿನ ಆರ್ಕೆಸ್ಟ್ರಾ ಬಂತು. ಆರು ಪಿಟೀಲಂತೆ! ಹಾಡುಗಳೆಲ್ಲ ಮುಗಿದ ಮೇಲೆ ಅಷ್ಟೂ ವಾದ್ಯ ಒಟ್ಟಿಗೆ ನುಡಿಸುತ್ತಾರಂತೆ. ಮದುವೆಗೆ ಮುಂಚೆ ನಾನೂ ಎರಡು ವರ್ಷ ಪಿಟೀಲು ಕಲಿತವಳು. ಆಮೇಲೆ ಮುಟ್ಟಿದ್ದಿಲ್ಲ.

"ಇದೊಂದನ್ನ ಪೂರ್ತಿ ಕೇಳೋಕೆ ಬಿಡ್ರೀ, ಇನ್ನೇನೂ ಬೇಡ ನಂಗೆ" ಅಂದೆ.

"ಆಯ್ತು, ಬಾರೇ" ಅಂದರು. ನಂಬಿದೆನಲ್ಲ, ನನಗೆ ಬುದ್ಧಿ ಬೇಡವೇ!

ಸಂಜೆ ಐದೂವರೆಗೆ ಶುರುವಾಯಿತು. ಕಬ್ಬಿಣದ ಕುರ್ಚಿ ಇನ್ನೂ ಬಿಸಿಲಿಗೆ ಕಾದೇ ಇತ್ತು. ನಾನು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಒಂದೊಂದು ಹಾಡಿಗೂ ತಲೆದೂಗಿದೆ. ಇವರು ಒಂದೊಂದು ಹಾಡಿಗೂ ವಾಚು ನೋಡಿದರು. ಕಡೆಗೆ ಹಾಡುವವರು ಪಕ್ಕಕ್ಕೆ ಸರಿದು, ಪಿಟೀಲಿನವರು ಶ್ರುತಿ ಮಾಡಿಕೊಳ್ಳತೊಡಗಿದರು. ಇವರು ಎದ್ದರು!

"ಏಳೇ, ಏಳೂವರೆ ಬಸ್ಸು."

"ಮಾತು ಕೊಟ್ಟಿದ್ರಲ್ರೀ?"

"ಬಸ್ಸಿಗೆ ಗೊತ್ತಾಗುತ್ತೇನೇ ಅದು? ಕೊನೇ ಬಸ್ಸು ಕಣೇ!"

"ಹಾಗಾದ್ರೆ ಹೋಗಿ ಆ ಬಸ್ಸಿನ ಜೊತೇಲೇ ಸಂಸಾರ ಮಾಡ್ಕಳಿ! ನಾನಂತೂ ಬರಲ್ಲ!"

ಹಿಂದಿನವರು ನಮ್ಮಿಬ್ಬರನ್ನೂ ಗದರಿದರು. ಇವರು ಟವೆಲ್ ಹೆಗಲಿಗೆ ಹಾಕಿಕೊಂಡರು. ಆಮೇಲೆ ಹೋದರು. ಹೌದು ಕಣ್ರೀ, ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಹೋಗಿಯೇಬಿಟ್ಟರು!

ಸಿಟ್ಟಿಗೆ ಮೊದಲು ನನಗೇನೂ ಕೇಳಿಸಲೇ ಇಲ್ಲ. ಆಮೇಲೆ ಆರೂ ಪಿಟೀಲು ಒಟ್ಟಿಗೆ ಮೇಲೆದ್ದವು. ನನ್ನ ಎಡಗೈ ಬೆರಳು ಸೆರಗಿನ ಮೇಲೆ ತಾವಾಗಿ ಓಡಾಡತೊಡಗಿದವು. ಕೊನೆಯ ನಾದ ಅಡಗುವವರೆಗೂ ಕೂತಿದ್ದೆ. ಅಳುತ್ತಿದ್ದೆ, ಖುಷಿಗೋ ಸಿಟ್ಟಿಗೋ ಗೊತ್ತಿಲ್ಲ.

ಮುಗಿದಾಗ ಎಂಟಾಗಿತ್ತು. ಮೊಣಕಾಲು ನೋವಿನಲ್ಲೂ ಬಸ್ ನಿಲ್ದಾಣದ ಕಡೆಗೆ ದಡದಡ ನಡೆದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಮೂವತ್ತೈದು ವರ್ಷದ್ದು, ಕಡಿಮೆಯೇ?

ನೋಡಿದರೆ ಬಸ್ಸು ನಿಲ್ದಾಣದಲ್ಲೇ ಇದೆ! ಇಂಜಿನ್ ಗುರುಗುಡುತ್ತಿದೆ, ಡ್ರೈವರ್ ಹಾರನ್ ಒತ್ತುತ್ತಿದ್ದಾನೆ, ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಾಡುತ್ತಿದ್ದಾರೆ. ಬಸ್ಸಿನ ಎದುರಿಗೆ, ದಾರಿಗೆ ಅಡ್ಡವಾಗಿ, ನಮ್ಮನೆಯವರು ನಿಂತಿದ್ದಾರೆ.

"ಯಜಮಾನ್ರೇ, ಅರ್ಧ ಗಂಟೆ ಆಯ್ತು, ದಾರಿ ಬಿಡಿ. ಕಾಲಿಗೆ ಬೀಳ್ತೀನಿ!" ಅಂತ ಕಂಡಕ್ಟರ್ ಅಂಗಲಾಚುತ್ತಿದ್ದ.

"ನಮ್ಮನೆಯೋಳು ಪಿಟೀಲು ಕೇಳ್ತಾ ಇದ್ದಾಳೆ ಕಣಯ್ಯಾ. ಅವ್ಳು ಬರೋವರ್ಗೂ ಈ ಬಸ್ಸು ಅಲ್ಲಾಡಂಗಿಲ್ಲ" ಅಂದರು ಇವರು.

ಜೋಡಿಸಿಕೊಂಡ ಬೈಗುಳವನ್ನೆಲ್ಲ ಬಿಟ್ಟು ಬಸ್ಸಿನ ಎದುರಿಗೆ ಹೋದೆ. ನನ್ನನ್ನು ಕಂಡರು, ಆದರೂ ಜಾಗ ಬಿಟ್ಟು ಕದಲಲಿಲ್ಲ.

"ಪೂರ್ತಿ ಮುಗೀತೇನೇ?" ಅಂದರು. "ಇನ್ನೊಂದ್ ಇದ್ರೆ ಹೋಗಿ ಕೇಳ್ಕಂಡ್ ಬಾ. ನಾನ್ ಹಿಡ್ಕಂಡಿರ್ತೀನಿ."